ದಿನಕ್ಕೆ 15 ನಿಮಿಷ, ನಿಮ್ಮ ಜೊತೆ ನೀವು

ಇವತ್ತು ಬೆಳಿಗ್ಗೆ ಎದ್ದಾಗಿನಿಂದ ಈ ಹೊತ್ತಿನವರೆಗೆ, ಕೈಯಲ್ಲಿ ಮೊಬೈಲ್ ಇಲ್ಲದೆ, ಕಿವಿಯಲ್ಲಿ ಇಯರ್‌ಫೋನ್ ಇಲ್ಲದೆ, ಎದುರಿಗೆ ಯಾರೂ ಇಲ್ಲದೆ ನೀವು ಎಷ್ಟು ನಿಮಿಷ ಕುಳಿತಿದ್ದೀರಿ? ನಿದ್ದೆಯನ್ನೂ ಸ್ನಾನವನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ನನ್ನ ಗೆಳತಿಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದೇ ಪ್ರಶ್ನೆ ಹಾಕಿದ್ದೆ. ಒಂಬತ್ತು ಜನರಲ್ಲಿ ಏಳು ಮಂದಿ ಸೊನ್ನೆ ಅಂದರು. ಎಂಟನೆಯವಳು "ಲಿಫ್ಟ್ ಕೆಟ್ಟಾಗ ನಾಲ್ಕು ನಿಮಿಷ" ಅಂತ ಬರೆದಳು. ಒಂಬತ್ತನೆಯವಳು ಇನ್ನೂ ಮೆಸೇಜ್ ನೋಡಿಲ್ಲ. ಬಹುಶಃ ಅವಳೇ ಗೆದ್ದವಳು!

ನಾನು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ವನದುರ್ಗದವಳು. ಬೆಂಗಳೂರಿನ ಒಂದು ಕಂಪನಿಯ ಕಸ್ಟಮರ್ ಸಪೋರ್ಟ್ ತಂಡದಲ್ಲಿ ಕೆಲಸ. ಕಳೆದ ದೀಪಾವಳಿ ಹೊತ್ತಿಗೆ ಅಪ್ಪನಿಗೆ ಲಕ್ವಾ ಹೊಡೆದ ಮೇಲೆ ಊರಿಂದಲೇ ಕೆಲಸ ಮಾಡುತ್ತಿದ್ದೇನೆ. ಸುರಪುರ ನಾಯಕರ ಕಾಲದ ಕೋಟೆ ಇರುವ ಊರು ನಮ್ಮದು. ನೋಡಲು ಬಂದವರು "ಎಷ್ಟ್ ಶಾಂತ ಅದರೀ ನಿಮ್ಮೂರು, ಧ್ಯಾನಕ್ಕ ಹೇಳಿ ಮಾಡಿಸಿದಂಗದ" ಅಂತಾರೆ. ಹಳ್ಳಿಯಲ್ಲಿದ್ದರೆ ಏಕಾಂತ ತಾನಾಗಿಯೇ ಸಿಗುತ್ತದೆ ಅನ್ನುವುದು ಪೇಟೆಯವರ ಕಲ್ಪನೆ. ನಮ್ಮ ಮನೆಯ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆದರೆ ರಾತ್ರಿ ಹತ್ತರವರೆಗೆ ಮುಚ್ಚುವುದಿಲ್ಲ. ಅಪ್ಪನನ್ನು ನೋಡಲು ಬರುವವರು, ಮಜ್ಜಿಗೆ ಕೇಳಲು ಬರುವವರು, "ಸುಮ್ನೆ ಬಂದೆ" ಅಂತ ಬರುವವರು. ಅಪ್ಪನ ಮಾತ್ರೆ, ಕೈಕಾಲಿನ ವ್ಯಾಯಾಮ, ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತರವರೆಗೆ ನನ್ನ ಶಿಫ್ಟ್. ಹೆಡ್‌ಸೆಟ್ ಹಾಕಿಕೊಂಡರೆ ಗ್ರಾಹಕರ ದನಿ, ತೆಗೆದರೆ ಮನೆಯವರ ದನಿ. ನನ್ನ ದನಿ ಯಾವಾಗ ಕೇಳೋದು?

ಬೀಸುಕಲ್ಲಿನ ಮುಂದಿನ ಆ ಹೊತ್ತು

ಈ ಪ್ರಶ್ನೆಯನ್ನು ಒಮ್ಮೆ ಅವ್ವನ ಮುಂದೆ ಇಟ್ಟೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: "ನಂಗ ಈ ರೊಟ್ಟಿ ಬಡಿಯೂ ಹೊತ್ತಿನ್ಯಾಗ ಸಿಗ್ತದ. ಕೈ ತನ್ನ ಪಾಡಿಗೆ ತಾ ಬಡೀತಿರ್ತದ, ನಾ ನನ್ನ ಲೆಕ್ಕ ನೋಡ್ಕೋತಿರ್ತೀನಿ. ನಿಮ್ಮಜ್ಜಿಗಂತೂ ಬೀಸುಕಲ್ಲಿತ್ತು."

ಬೀಸುಕಲ್ಲು! ನನಗೆ ಥಟ್ಟನೆ ಏನೋ ಹೊಳೆದಂತಾಯಿತು. ಗಿರಣಿ ಬರುವ ಮುಂಚೆ ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ದಿನ ಶುರುವಾಗುತ್ತಿದ್ದುದೇ ಬೀಸುಕಲ್ಲಿನ ಮುಂದೆ. ಕೋಳಿ ಕೂಗುವ ಮೊದಲೇ ಎದ್ದು, ಮನೆಯವರೆಲ್ಲ ಮಲಗಿರುವಾಗ, ಒಬ್ಬಳೋ ಇಬ್ಬರೋ ಕುಳಿತು ಜೋಳ ಬೀಸುತ್ತಿದ್ದರು. ಬೀಸುತ್ತ ಹಾಡುತ್ತಿದ್ದರು. ಮೂರು ಮೂರು ಸಾಲಿನ ತ್ರಿಪದಿಗಳು. ಅದರಲ್ಲಿ ತವರಿನ ನೆನಪು, ಅತ್ತೆಮನೆಯ ಸಂಕಟ, ಅಣ್ಣನ ಮೇಲಿನ ಮಮತೆ, ಕಂದನ ಆಟ ಎಲ್ಲವೂ ಬರುತ್ತಿತ್ತು. ಹಗಲು ಯಾರ ಮುಂದೆಯೂ ಆಡಲಾಗದ ಮಾತನ್ನು ಕಲ್ಲಿನ ಮುಂದೆ ಆಡಬಹುದಿತ್ತು. ಕಲ್ಲು ಯಾರಿಗೂ ಚಾಡಿ ಹೇಳುವುದಿಲ್ಲವಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಊರೂರು ತಿರುಗಿ ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ನಾವು ಅದನ್ನು ಜಾನಪದ ಸಾಹಿತ್ಯ ಅಂತ ಪಠ್ಯದಲ್ಲಿ ಓದಿದ್ದೇವೆ. ನನಗೀಗ ಅದು ಹೆಣ್ಣುಮಕ್ಕಳು ತಮ್ಮ ಜೊತೆ ತಾವೇ ಆಡಿಕೊಂಡ ಮಾತಿನ ದಾಖಲೆಯಾಗಿಯೂ ಕಾಣುತ್ತದೆ.

ಬೀಸುವುದು ರಟ್ಟೆ ಸೋಲುವ ಕೆಲಸ. ಗಿರಣಿ ಬಂದದ್ದು ಒಳ್ಳೆಯದೇ ಆಯಿತು, ಅದನ್ನು ವಾಪಸ್ ತರಬೇಕು ಅಂತ ಯಾವ ಹೆಣ್ಣುಮಗಳೂ ಹೇಳುವುದಿಲ್ಲ. ಆದರೆ ದುಡಿಮೆ ಹೋದಾಗ ಅದರ ಜೊತೆಗಿದ್ದ ಆ ಏಕಾಂತದ ಹೊತ್ತೂ ಹೋಯಿತು. ಉಳಿದ ಸಮಯಕ್ಕೆ ಬೇರೆ ಕೆಲಸ ಬಂತು. ಆಮೇಲೆ ಟಿವಿ ಬಂತು. ಈಗ ಫೋನ್.

ನಮ್ಮ ಸೀಮೆಯಲ್ಲಿ ಈ ಒಳಗಿನ ಹೊತ್ತಿಗೆ ಬೇರೆ ಬೇರೆ ಹೆಸರುಗಳಿವೆ. ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ನೋಡುತ್ತ ಕೂರುವ ಅಜ್ಜಂದಿರನ್ನು ನೋಡಿಯೇ ನಾವು ಬೆಳೆದವರು. ಪೂಜೆ ಮುಗಿಯುವತನಕ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಓಣಿಯ ಮಸೀದಿಯಲ್ಲಿ ದಿನಕ್ಕೆ ಐದು ಹೊತ್ತು ನಮಾಜು. ಎಂಥ ಕೆಲಸವಿದ್ದರೂ ಎದ್ದು ಹೋಗುವ ಶಿಸ್ತು. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ, ಕೃಷ್ಣಾ ತೀರದಲ್ಲಿ, ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಗುರುವಿನ ಹೆಸರೇ ಮೌನೇಶ್ವರ. ದೇವರನ್ನು ನಂಬುವವರು ಅವನ ಮುಂದೆ ಕೂರಲಿ, ನಂಬದವರು ಒಂದು ಹಾಳೆಯ ಮುಂದೆ ಕೂರಲಿ. ದಿನದಲ್ಲಿ ಒಂದಿಷ್ಟು ಹೊತ್ತು ಬೇರೆಯವರ ಕೈಗೆ ಸಿಗದಂತೆ ಇರಬೇಕು ಅನ್ನುವ ತಿಳಿವಳಿಕೆ ಮಾತ್ರ ಎಲ್ಲರದೂ ಒಂದೇ.

ಬೆಂಗಳೂರಿನಲ್ಲೇ ನಡೆದ ಪ್ರಯೋಗ

"ಇದೆಲ್ಲ ಸರಿ, ಇದರಿಂದ ಆಗೋದೇನು?" ಅಂತ ನನ್ನ ತಂಡದ ಹುಡುಗನೊಬ್ಬ ಕೇಳಿದ. ಅಪ್ರೈಸಲ್‌ನ ಭಾಷೆಯಲ್ಲಿ ಕೇಳಿದವನಿಗೆ ಅದೇ ಭಾಷೆಯಲ್ಲಿ ಹೇಳಬೇಕು.

ಬೆಂಗಳೂರಿನ ವಿಪ್ರೊ ಕಂಪನಿಯಲ್ಲಿ ಒಂದು ಪ್ರಯೋಗ ನಡೆದಿತ್ತು. ಹೊಸದಾಗಿ ಸೇರಿ ಟೆಕ್ನಿಕಲ್ ಸಪೋರ್ಟ್ ತರಬೇತಿ ಪಡೆಯುತ್ತಿದ್ದವರನ್ನು ಗುಂಪುಗಳಾಗಿ ಮಾಡಿದರು. ಒಂದು ಗುಂಪಿನವರು ದಿನದ ಕೊನೆಯ 15 ನಿಮಿಷ ಕೆಲಸ ನಿಲ್ಲಿಸಿ, ಆ ದಿನ ಕಲಿತ ಮುಖ್ಯ ಪಾಠಗಳಲ್ಲಿ ಎರಡನ್ನಾದರೂ ನೆನೆದು ಬರೆಯಬೇಕಿತ್ತು. ಇನ್ನೊಂದು ಗುಂಪಿನವರು ಆ 15 ನಿಮಿಷವೂ ಎಂದಿನಂತೆ ಕೆಲಸ ಕಲಿತರು. ತರಬೇತಿಯ ಕೊನೆಯ ಪರೀಕ್ಷೆಯಲ್ಲಿ, ಬರೆದ ಗುಂಪಿನವರು ಬರೆಯದ ಗುಂಪಿಗಿಂತ ಸುಮಾರು 23% ಮುಂದಿದ್ದರು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರೂ ಇದ್ದ ತಂಡ 2014ರಲ್ಲಿ ಇದನ್ನು ವರದಿ ಮಾಡಿತು.

ಇಲ್ಲಿ ಗಮನಿಸಬೇಕಾದ್ದು, ಬರೆದವರು ಕೆಲಸದ ಮೇಲೆ ಕಳೆದ ಸಮಯ ದಿನಕ್ಕೆ 15 ನಿಮಿಷ ಕಡಿಮೆ. ಕಡಿಮೆ ಅಭ್ಯಾಸ ಮಾಡಿಯೂ ಹೆಚ್ಚು ಅಂಕ. ಮಾಡಿದ್ದನ್ನು ಒಮ್ಮೆ ತಿರುಗಿ ನೋಡಿದ್ದೇ ಅವರಿಗೆ ಅಭ್ಯಾಸವಾಯಿತು. ಹಾಗಂತ ಒಂದೇ ಅಧ್ಯಯನವನ್ನು ದೇವರ ವಾಕ್ಯ ಅಂತ ಹಿಡಿಯಬಾರದು. ಅದು ತರಬೇತಿಯ ಸಂದರ್ಭ, ನಮ್ಮ ಬದುಕು ಪರೀಕ್ಷೆ ಬರೆಯುವಂಥದ್ದಲ್ಲ. ಆದರೂ "ಕೂತು ಯೋಚಿಸಿದರೆ ಟೈಮ್ ವೇಸ್ಟ್" ಅನ್ನುವವರಿಗೆ ನಮ್ಮ ಬೆಂಗಳೂರಿನಿಂದಲೇ ಒಂದು ಉತ್ತರ ಇದು.

ಸುಮ್ನೆ ಕೂರೋದು ಯಾಕಿಷ್ಟು ಕಷ್ಟ?

ನಾನು ಶುರು ಮಾಡಿದ ಮೊದಲ ವಾರ, ಕೂತ ಎರಡೇ ನಿಮಿಷಕ್ಕೆ ಕೈ ತಾನಾಗಿ ಫೋನ್ ಹುಡುಕುತ್ತಿತ್ತು. ಇದು ನನ್ನೊಬ್ಬಳ ಪಾಡೇನಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಟಿಮೊತಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ತಮಾಷೆಯ, ಆದರೆ ಸ್ವಲ್ಪ ಹೆದರಿಕೆಯೂ ಆಗುವ ಪ್ರಯೋಗ ಪ್ರಕಟಿಸಿದರು. ಜನರನ್ನು ಖಾಲಿ ಕೋಣೆಯಲ್ಲಿ 15 ನಿಮಿಷ ಒಬ್ಬರೇ ಕೂರಿಸಿದರು. ಬೇಕಾದರೆ ಒತ್ತಿಕೊಳ್ಳಲು ಒಂದು ಗುಂಡಿ ಇತ್ತು, ಒತ್ತಿದರೆ ಸಣ್ಣ ಕರೆಂಟ್ ಶಾಕ್. ಆ ಶಾಕ್ ಹೇಗಿರುತ್ತದೆ ಎಂದು ಮೊದಲೇ ಅನುಭವಿಸಿ, "ದುಡ್ಡು ಕೊಟ್ಟಾದರೂ ಇದನ್ನು ತಪ್ಪಿಸಿಕೊಳ್ತೀವಿ" ಅಂದಿದ್ದವರೇ ಅವರು. ಆದರೂ 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಗುಂಡಿ ಒತ್ತಿಕೊಂಡರು. ಮನಸ್ಸಿನ ಜೊತೆ ಸುಮ್ಮನೆ ಕೂರುವುದಕ್ಕಿಂತ ಶಾಕ್ ಹೊಡೆಸಿಕೊಳ್ಳುವುದೇ ವಾಸಿ ಅನ್ನಿಸಿತ್ತು!

ನಮ್ಮ ಜೇಬಿನಲ್ಲಿ ಅಂಥದೇ ಒಂದು ಗುಂಡಿ ಇದೆ, ಅದು ಶಾಕ್ ಬದಲು ರೀಲ್ಸ್ ಕೊಡುತ್ತದೆ, ಅಷ್ಟೇ. ಹಾಗಾಗಿ ಮೊದಲ ಕೆಲವು ದಿನ ಚಡಪಡಿಕೆ ಆದರೆ "ನನಗಿದು ಆಗಿಬರಲ್ಲ" ಅಂತ ಎದ್ದು ಬಿಡಬೇಡಿ. ಎಲ್ಲರಿಗೂ ಆಗುವುದೇ. ಕೈಗೆ ಒಂದು ಕೆಲಸ ಕೊಟ್ಟರೆ ಸುಲಭ. ಅವ್ವನಿಗೆ ರೊಟ್ಟಿ ಇದ್ದಂತೆ ನನಗೆ ಪೆನ್ನು. ಕೈ ಬರೆಯುತ್ತಿದ್ದರೆ ಮನಸ್ಸು ಹಾಳೆಯಿಂದ ಎದ್ದು ಓಡುವುದು ಕಡಿಮೆ.

ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಲ

ನಾನು ಕೂರುವುದು ಬೆಳಿಗ್ಗೆ ಐದೂಮುಕ್ಕಾಲಿಗೆ, ಮಾಳಿಗೆ ಮೇಲೆ. ಬೇಸಿಗೆಯಲ್ಲಿ ನಮ್ಮ ಕಡೆ ಅರ್ಧ ಊರು ಮಾಳಿಗೆ ಮೇಲೆಯೇ ಮಲಗುವುದರಿಂದ ಅಲ್ಲಿ ಕೂತರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಇಪ್ಪತ್ತು ರೂಪಾಯಿಯ ನೋಟ್‌ಬುಕ್, ಮೂರು ಪ್ರಶ್ನೆ. ನಿನ್ನೆ ಯಾವುದು ಚೆನ್ನಾಗಿತ್ತು? ಯಾವುದು ಭಾರ ಅನ್ನಿಸಿತು? ಇವತ್ತು ಅದಕ್ಕೆ ಸಣ್ಣದಾಗಿ ಏನು ಮಾಡಬಹುದು?

ಆ ದಿನಗಳಲ್ಲಿ ನನ್ನ ತಲೆ ತುಂಬ ಒಂದೇ ವಿಷಯ ಇದೆ ಅಂದುಕೊಂಡಿದ್ದೆ. ಜೂನ್‌ನಿಂದ ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು ಅಂತ ಕಂಪನಿಯಿಂದ ಮೇಲ್ ಬಂದಿತ್ತು. ಯಾದಗಿರಿಯಿಂದ ಬೆಂಗಳೂರಿಗೆ ಒಂದು ರಾತ್ರಿಯ ರೈಲು ಪ್ರಯಾಣ. ವಾರ ವಾರ ಓಡಾಡುವ ಮಾತೇ ಇಲ್ಲ. ಕೆಲಸ ಬಿಡಬೇಕಾ, ಅಪ್ಪನನ್ನು ಬಿಟ್ಟು ಹೋಗಬೇಕಾ? ಎರಡೇ ದಾರಿ ಕಾಣುತ್ತಿದ್ದವು.

ಮೂರು ವಾರ ಕಳೆದ ಮೇಲೆ ಒಂದು ಭಾನುವಾರ ಹಿಂದಿನ ಪುಟಗಳನ್ನು ಓದಿದೆ. 'ಭಾರ' ಅನ್ನುವ ಕಡೆ ಆಫೀಸಿನ ಮೇಲ್ ಎರಡೇ ಎರಡು ಸಲ ಬಂದಿತ್ತು. ಹನ್ನೊಂದು ಸಲ ಬಂದಿದ್ದು ಬೇರೆ ಮಾತು: 'ಅಣ್ಣ ಫೋನ್ ಮಾಡಿದ್ದ. ಅಪ್ಪನ ವಿಷಯ ಇಬ್ಬರೂ ಎತ್ತಲಿಲ್ಲ.' ಪದ ಆಚೆ ಈಚೆ, ಅರ್ಥ ಅದೇ.

ಅಣ್ಣ ಹೈದರಾಬಾದಿನಲ್ಲಿದ್ದಾನೆ. ಎರಡು ಮಕ್ಕಳ ಶಾಲೆ, ಮನೆ ಸಾಲ. ಅಪ್ಪನ ಖರ್ಚು ಯಾರದು, ಅಪ್ಪ ಯಾರ ಹತ್ತಿರ ಇರಬೇಕು, ನನ್ನ ಮದುವೆ ಆದರೆ ಮುಂದೇನು? ನಮ್ಮ ಮನೆಯಲ್ಲಿ ಯಾರೂ ಈ ಮಾತು ಎತ್ತುತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಎಲ್ಲರಿಗೂ ಗೊತ್ತಿರುತ್ತದೆ, ಎಲ್ಲರೂ ಸುತ್ತು ಹಾಕಿ ನಡೆಯುತ್ತಾರೆ, ಅಂಗಳದ ನಡುವಿನ ಬಾವಿಯ ಹಾಗೆ.

ಅದೇ ಸಂಜೆ ಫೋನ್ ಮಾಡಿದೆ.

"ಅಣ್ಣಾ, ಅಪ್ಪನ ಬಗ್ಗೆ ಮಾತಾಡೂದದ. ಜಗಳಕ್ಕಲ್ಲ ಮತ್ತ."

"ಹೇಳವ್ವ" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಕೇಳ್ಬೇಕಂತ ಮಾಡಿದ್ದೆ. ನೀ ಏನ್ ತಿಳ್ಕೋತೀಯೋ ಅಂತ ಬಿಟ್ಟೆ. ವೈನಿನೂ ದಿನಾ ಅದನ್ನೇ ಅಂತಾಳ" ಅಂದ.

ಒಂದೂವರೆ ತಾಸು ಮಾತಾಡಿದೆವು. ನಡುವೆ ಎರಡು ಸಲ ದನಿ ಏರಿತು, ಒಂದು ಸಲ ಇಬ್ಬರಿಗೂ ಗಂಟಲು ಕಟ್ಟಿತು. ಕೊನೆಗೆ ಒಂದು ವ್ಯವಸ್ಥೆ ಆಯಿತು. ಅಪ್ಪನ ಸ್ನಾನ, ವ್ಯಾಯಾಮಕ್ಕೆ ಊರಿನ ಒಬ್ಬರು ದಿನಕ್ಕೆ ಎರಡು ತಾಸು ಬರುತ್ತಾರೆ, ಅದರ ದುಡ್ಡು ಅಣ್ಣನದು. ಎರಡನೇ, ನಾಲ್ಕನೇ ಶನಿವಾರ ಅವನು ಊರಿಗೆ ಬರುತ್ತಾನೆ. ನಾನು ಮ್ಯಾನೇಜರ್ ಹತ್ತಿರ ಮಾತಾಡಿ, ತಿಂಗಳಲ್ಲಿ ಎರಡು ವಾರ ಸತತವಾಗಿ ಆಫೀಸು, ಎರಡು ವಾರ ಊರು ಅಂತ ಆರು ತಿಂಗಳಿಗೆ ಒಪ್ಪಿಗೆ ಪಡೆದೆ. ಆರು ತಿಂಗಳ ಮೇಲೆ ಏನು? ಗೊತ್ತಿಲ್ಲ. ಅಪ್ಪ ಮೊದಲಿನಂತೆ ಎದ್ದು ಓಡಾಡುವುದಿಲ್ಲ ಅನ್ನುವುದೂ ಬದಲಾಗಿಲ್ಲ. ಆದರೆ ಈಗ ಅದನ್ನು ಹೊರುವ ಹೆಗಲು ಎರಡಾಗಿವೆ.

ನೋಟ್‌ಬುಕ್ ಏನೂ ಪವಾಡ ಮಾಡಲಿಲ್ಲ. ದಿನಾ ದಿನಾ ಚೂರು ಚೂರಾಗಿ ಬಂದು ಹೋಗುತ್ತಿದ್ದ ಮಾತನ್ನು ಒಂದೇ ಕಡೆ ಕೂಡಿಸಿ ತೋರಿಸಿತು.

ಚಿಂತನೆ ಬೇರೆ, ಚಿಂತೆ ಬೇರೆ

ಚಿಂತೆಗೂ ಚಿತೆಗೂ ಒಂದೇ ಸೊನ್ನೆಯ ಅಂತರ ಅಂತ ಹಿರಿಯರು ಹೇಳುತ್ತಾರೆ. ಒಬ್ಬರೇ ಕೂತಾಗ ಚಿಂತನೆ ಚಿಂತೆಗೆ ತಿರುಗುವುದು ಬಹಳ ಸುಲಭ. ಹಾಗಾದರೆ ಕೂತದ್ದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. 1999ರಲ್ಲೇ ಮನೋವಿಜ್ಞಾನಿಗಳಾದ ಪಾಲ್ ಟ್ರ್ಯಾಪ್ನೆಲ್ ಮತ್ತು ಜೆನ್ನಿಫರ್ ಕ್ಯಾಂಪ್‌ಬೆಲ್ ಇವೆರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು ಎಂದು ತೋರಿಸಿದರು. ಒಂದು ತಿಳಿಯುವ ಕುತೂಹಲದಿಂದ ತನ್ನನ್ನು ನೋಡಿಕೊಳ್ಳುವುದು. ಇನ್ನೊಂದು ಭಯದಿಂದ, ನಷ್ಟದ ನೋವಿನಿಂದ ಅದನ್ನೇ ಮೆಲುಕು ಹಾಕುವುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಒಬ್ಬರು ಸುಮ್ಮನೆ ಕೂತಿದ್ದಾರೆ.

ವ್ಯತ್ಯಾಸ ಗುರುತಿಸಲು ಒಂದು ಸುಲಭದ ದಾರಿ ಇದೆ. ನಿಮ್ಮ ಪ್ರಶ್ನೆ 'ಯಾಕೆ' ಅಂತ ಶುರುವಾಗುತ್ತಿದೆಯೋ, 'ಏನು' ಅಂತಲೋ ನೋಡಿ. "ನನಗೇ ಯಾಕೆ ಹಿಂಗಾಗ್ತದ?" ಅನ್ನುವುದಕ್ಕೆ ಉತ್ತರ ಸಿಗುವುದಿಲ್ಲ, ಮನಸ್ಸು ತನಗೆ ತೋಚಿದ್ದನ್ನು ಹೇಳಿ ಸುಮ್ಮನಾಗುತ್ತದೆ. "ಇವತ್ತು ನಂಗ ಏನ್ ಕಾಡಿತು? ಈಗ ಏನ್ ಮಾಡ್ಬಹುದು?" ಅಂದರೆ ಒಂದು ಹೆಜ್ಜೆಯಾದರೂ ಕಾಣುತ್ತದೆ. ಅಮೆರಿಕದ ಮನೋವಿಜ್ಞಾನಿ ತಾಶಾ ಯೂರಿಕ್ ಕೂಡ ತನ್ನ ಅಧ್ಯಯನಗಳ ಆಧಾರದ ಮೇಲೆ 'ಯಾಕೆ' ಬಿಟ್ಟು 'ಏನು' ಕೇಳಿ ಅನ್ನುತ್ತಾರೆ.

ಒಂದೇ ವಿಷಯ ವಾರಗಟ್ಟಲೆ ಕಾಡಿ, ನಿದ್ದೆ, ಊಟ ಕೆಡುತ್ತಿದ್ದರೆ ನೋಟ್‌ಬುಕ್ ಸಾಲದು. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಹೊತ್ತು ಎಲ್ಲಿಂದ ತರೋದು?

ನನ್ನ ಮತ್ತು ಗೆಳತಿಯರ ಅನುಭವದಿಂದ ಕೆಲವು ಮಾತು:

* ಇರುವ ಕೆಲಸಕ್ಕೆ ಗಂಟು ಹಾಕಿ. 'ಟೈಮ್ ಸಿಕ್ಕಾಗ' ಅಂದರೆ ಎಂದೂ ಸಿಗುವುದಿಲ್ಲ. ಚಹಾ ಕುಡಿದ ತಕ್ಷಣ, ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ, ಮಗುವನ್ನು ಸ್ಕೂಲ್ ವ್ಯಾನ್ ಹತ್ತಿಸಿದ ತಕ್ಷಣ. ದಿನಾ ತಪ್ಪದೆ ನಡೆಯುವ ಒಂದು ಕೆಲಸದ ಬಾಲಕ್ಕೆ ಇದನ್ನು ಕಟ್ಟಿಬಿಡಿ.

* ಐದು ನಿಮಿಷದಿಂದ ಶುರು ಮಾಡಿ. 15 ನಿಮಿಷ ಎರಡನೇ ತಿಂಗಳಿಗೆ ಇರಲಿ. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಕೂತರಾಯಿತು, ದಂಡವೇನೂ ಇಲ್ಲ.

* ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಮೆಟ್ರೊ, ಬಸ್ಸಿನಲ್ಲಿ ಕೂರುವವರು ಚೀಲದ ತಳಕ್ಕೆ ಹಾಕಿ. ಬರೆಯಲು ಆಗದಿದ್ದರೆ ಕಿಟಕಿಯಾಚೆ ನೋಡುತ್ತ ಮೂರು ಪ್ರಶ್ನೆ ಕೇಳಿಕೊಂಡರೂ ಸಾಕು. ನನ್ನ ಒಬ್ಬ ಗೆಳತಿ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲೇ ಇದನ್ನು ಮುಗಿಸುತ್ತಾಳೆ. ಅಲ್ಲಿ ಸಮಯಕ್ಕೇನು ಬರ!

* ಬರೆದದ್ದು ನಿಮ್ಮದು. ಕೂಡು ಕುಟುಂಬದಲ್ಲಿ, ಪಿಜಿಯಲ್ಲಿ ಇದು ದೊಡ್ಡ ಚಿಂತೆ. ಹೆಸರು ಬರೆಯದೆ ಗುರುತಿಗೆ ಒಂದಕ್ಷರ ಹಾಕಿಕೊಳ್ಳಿ. ಇಲ್ಲವೇ ಬರೆದು ಹರಿದು ಹಾಕಿ, ಕಾಡಿದ ವಿಷಯಕ್ಕೆ ಒಂದು ಪದವನ್ನಷ್ಟೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

* ವಾರಕ್ಕೊಮ್ಮೆ ತಿರುಗಿ ಓದಿ. ದಿನದ ಪುಟ ಸಣ್ಣದನ್ನು ಹೇಳುತ್ತದೆ. ನಾಲ್ಕು ವಾರದ ಪುಟ ಕೂಡಿದಾಗ ದೊಡ್ಡದು ಕಾಣುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಈ ಹೆಜ್ಜೆಯನ್ನೇ.

* ಮನೆಯವರಿಗೆ ಹೇಳಿ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಸೆನೆಕಾ ದಿನಾ ರಾತ್ರಿ ದೀಪ ತೆಗೆದ ಮೇಲೆ ತನ್ನ ಇಡೀ ದಿನವನ್ನು ವಿಚಾರಣೆ ಮಾಡಿಕೊಳ್ಳುತ್ತಿದ್ದನಂತೆ. ಅವನ ಅಭ್ಯಾಸ ಗೊತ್ತಿದ್ದ ಹೆಂಡತಿ ಆಗ ಮಾತಾಡಿಸುತ್ತಿರಲಿಲ್ಲ ಎಂದು ಅವನೇ ಬರೆದಿದ್ದಾನೆ. ಆ ಹೆಂಡತಿಗೂ ಅಂಥ ಹೊತ್ತು ಸಿಗುತ್ತಿತ್ತೋ ಇಲ್ಲವೋ ಅವನು ಬರೆದಿಲ್ಲ!

ಈ ಕೊನೆಯ ಮಾತನ್ನು ಸ್ವಲ್ಪ ಬೆಳೆಸಬೇಕು. ಒಬ್ಬರ ಏಕಾಂತಕ್ಕೆ ಮನೆಯಲ್ಲಿ ಇನ್ನೊಬ್ಬರು ಕಾವಲು ನಿಲ್ಲಬೇಕಾಗುತ್ತದೆ. ನಾನು ಮಾಳಿಗೆ ಮೇಲಿರುವಾಗ ಅಪ್ಪನ ಕೂಗಿಗೆ ಓಗೊಡುವವಳು ಅವ್ವ. ಅದಕ್ಕೇ ಈಗ ಸಂಜೆ, ಶಿಫ್ಟಿನ ಚಹಾ ಬ್ರೇಕಿನಲ್ಲಿ, ಅಪ್ಪನ ಹತ್ತಿರ ನಾನು ಕೂರುತ್ತೇನೆ. ಅವಳು ಕಟ್ಟೆ ಮೇಲೆ ಹೋಗಿ ಕೂರುತ್ತಾಳೆ. ಮೊದಮೊದಲು "ಸುಮ್ ಕುಂತ್ರ ಮಂದಿ ಏನಂತಾರ" ಅಂತ ಅಕ್ಕಿಯ ಮೊರ ಹಿಡಿದು ಹೋಗುತ್ತಿದ್ದಳು. ಹೋದ ವಾರದಿಂದ ಮೊರ ಒಳಗೇ ಉಳಿದಿದೆ. ಏನು ಯೋಚಿಸುತ್ತಾಳೋ ನಾನು ಕೇಳಿಲ್ಲ. ಅದು ಅವಳ ಹೊತ್ತು.

ನಿಮ್ಮ ಮನೆಯಲ್ಲೂ ನೋಡಿ. ನಿಮಗೆ 15 ನಿಮಿಷ ಹುಡುಕುವಾಗ, ಅಡುಗೆಮನೆಯಲ್ಲಿ, ಕಾಟಿನ ಪಕ್ಕದಲ್ಲಿ, ತೊಟ್ಟಿಲಿನ ಪಕ್ಕದಲ್ಲಿ ಇರುವವರಿಗೂ ಒಂದು 15 ನಿಮಿಷ ಹುಡುಕಿ ಕೊಡಿ.